ಸೋಲಿನ ಲೆಕ್ಕ ಇಟ್ಟ ಶಸ್ತ್ರವೈದ್ಯ

'ಆಪರೇಷನ್ ಸಕ್ಸೆಸ್, ಪೇಷೆಂಟ್ ಡೆಡ್' ಎಂಬ ಮಾತನ್ನು ನಾವು ತಮಾಷೆಗೆ ಆಡುತ್ತೇವೆ. ದೊಡ್ಡ ಕರುಳಿನ ಕೊನೆಯ ಭಾಗವಾದ ಗುದನಾಳದ ಕ್ಯಾನ್ಸರಿನ ಮಟ್ಟಿಗೆ ನೂರು ವರ್ಷಗಳ ಹಿಂದೆ ಅದು ತಮಾಷೆಯಾಗಿರಲಿಲ್ಲ. ಗಾಯ ಮಾಯುತ್ತಿತ್ತು, ರೋಗಿ ಮನೆಗೆ ಹೋಗುತ್ತಿದ್ದ. ಆದರೆ ಗಡ್ಡೆ ಮತ್ತೆ ಬೆಳೆಯುತ್ತಿತ್ತು.

ಲಂಡನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಮೈಲ್ಸ್ ಆಗಿನ ಪದ್ಧತಿಯಂತೆ ಗುದದ್ವಾರದ ಕಡೆಯಿಂದಲೇ ಗಡ್ಡೆ ತೆಗೆಯುತ್ತಿದ್ದರು. ಆ ರೋಗಿಗಳು ಮುಂದೆ ಏನಾದರು ಎಂಬುದರ ಲೆಕ್ಕವನ್ನೂ ಇಟ್ಟರು. 57 ಮಂದಿಯಲ್ಲಿ 54 ಮಂದಿಗೆ ರೋಗ ಮರುಕಳಿಸಿತ್ತು! ಬೇರೆಯವರಾಗಿದ್ದರೆ ಇಂಥ ಲೆಕ್ಕವನ್ನು ಮುಚ್ಚಿಡುತ್ತಿದ್ದರೇನೋ. ಮೈಲ್ಸ್ ಪ್ರಕಟಿಸಿದರು. ಶವಪರೀಕ್ಷೆಯಿಂದ ಕಾರಣವೂ ತಿಳಿಯಿತು. ರೋಗ ದುಗ್ಧನಾಳಗಳ ಮೂಲಕ ಮೇಲಕ್ಕೆ, ಹೊಟ್ಟೆಯೊಳಕ್ಕೆ ಹಬ್ಬಿರುತ್ತಿತ್ತು. ಕೆಳಗಿನಿಂದ ಹೋದ ಕತ್ತಿಗೆ ಅದು ಎಟುಕುತ್ತಿರಲಿಲ್ಲ.

1908ರಲ್ಲಿ ಅವರು ಹೊಟ್ಟೆ ಮತ್ತು ಗುದದ್ವಾರ ಎರಡೂ ಕಡೆಯಿಂದ ಗುದನಾಳವನ್ನು ಪೂರ್ತಿ ತೆಗೆಯುವ ವಿಧಾನವನ್ನು ವಿವರಿಸಿದರು. ಮಲ ಹೊರಹೋಗಲು ಹೊಟ್ಟೆಯ ಮೇಲೆ ಶಾಶ್ವತ ದ್ವಾರ. ತೆತ್ತ ಬೆಲೆ ಕಡಿಮೆಯದಲ್ಲ: ಮೊದಲ 12 ಮಂದಿಯಲ್ಲಿ 5 ಮಂದಿ ಶಸ್ತ್ರಚಿಕಿತ್ಸೆಯ ಆಘಾತ ತಾಳಲಾರದೆ ಸತ್ತರು. ಬದುಕಿ ಉಳಿದವರಲ್ಲಿ ಮಾತ್ರ ರೋಗ ಮರುಕಳಿಸುವುದು ಬಹಳ ಇಳಿಯಿತು.

1932ರಲ್ಲಿ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ರೋಗವಿಜ್ಞಾನಿ ಕತ್‌ಬರ್ಟ್ ಡ್ಯೂಕ್ಸ್ ರೋಗವನ್ನು ಮೂರು ಹಂತಗಳಾಗಿ ವಿಂಗಡಿಸಿದರು: ಕರುಳಿನ ಗೋಡೆಯೊಳಗೇ ಇರುವುದು, ಗೋಡೆ ದಾಟಿದ್ದು, ದುಗ್ಧಗ್ರಂಥಿಗಳಿಗೆ ತಲುಪಿದ್ದು. ಹಂತ ಮುಂದುವರಿದಷ್ಟೂ ಬದುಕುವ ಅವಕಾಶ ಕಡಿಮೆ ಎಂಬುದು ಸ್ಪಷ್ಟವಾಯಿತು.

ಸುಧಾರಿಸಿದ ಅರಿವಳಿಕೆ, ರಕ್ತ ನೀಡಿಕೆ, ಪೆನ್ಸಿಲಿನ್‌ನಂತಹ ಔಷಧಗಳು ಬಂದ ಮೇಲೆ ಚಿತ್ರವೇ ಬದಲಾಯಿತು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಕ್ಲಾಡ್ ಡಿಕ್ಸನ್ 400 ರೋಗಿಗಳ ವರದಿ ನೀಡಿದರು. ಗಡ್ಡೆ ಮೇಲ್ಭಾಗದಲ್ಲಿದ್ದ ಇವರಿಗೆ ಕರುಳನ್ನು ಮತ್ತೆ ಜೋಡಿಸಿದ್ದರಿಂದ ಹೊಟ್ಟೆಯ ಮೇಲೆ ಶಾಶ್ವತ ದ್ವಾರ ಬೇಕಾಗಲಿಲ್ಲ. ಶಸ್ತ್ರಚಿಕಿತ್ಸೆಯಿಂದ ಸತ್ತವರು ಶೇ. 2.6 ಮಾತ್ರ. ಐದು ವರ್ಷ ಬದುಕಿದವರು ಶೇ. 64.

ಆದರೂ ಅನೇಕರಲ್ಲಿ ರೋಗ ಅದೇ ಜಾಗದಲ್ಲಿ ಮರಳುತ್ತಿತ್ತು. ಗುದನಾಳದ ಸುತ್ತಲಿನ ಕೊಬ್ಬಿನ ಹೊದಿಕೆಯಲ್ಲಿ ಕ್ಯಾನ್ಸರಿನ ಕಣಗಳು ಉಳಿಯುತ್ತವೆ, ಅದನ್ನು ಹರಿಯದಂತೆ ಇಡಿಯಾಗಿ ಬಿಡಿಸಿ ತೆಗೆಯಬೇಕು ಎಂದು 1982ರಲ್ಲಿ ತೋರಿಸಿದವರು ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್ ಎಂಬ ಊರಿನ ಬಿಲ್ ಹೀಲ್ಡ್. ಅವರ ರೋಗಿಗಳಲ್ಲಿ ಅದೇ ಜಾಗದಲ್ಲಿ ಮರುಕಳಿಸುವ ಪ್ರಮಾಣ ಶೇ. 4ರ ಆಸುಪಾಸಿಗೆ ಇಳಿಯಿತು. ಈ ವಿಧಾನ ಮುಂದೆ ಜಗತ್ತಿನಾದ್ಯಂತ ಹರಡಿತು.

ಕತ್ತಿ ಇಷ್ಟು ಪಳಗಿದರೂ ಡ್ಯೂಕ್ಸ್ ಕಲಿಸಿದ ಪಾಠ ಹಳೆಯದಾಗಿಲ್ಲ. ಮಲದಲ್ಲಿ ರಕ್ತ ಕಂಡರೆ 'ಮೂಲವ್ಯಾಧಿ ಇರಬೇಕು' ಎಂದು ಸುಮ್ಮನಾಗುವವರು, ಸಂಕೋಚದಿಂದ ಯಾರಿಗೂ ಹೇಳದವರು ನಮ್ಮಲ್ಲಿ ಎಷ್ಟೋ ಮಂದಿ. ರೋಗ ಒಂದು ಹಂತದಿಂದ ಇನ್ನೊಂದಕ್ಕೆ ದಾಟುವುದು ಇಂಥ ಮೌನದಲ್ಲೇ.