ಕಟ್ಟಿಸುವ ದುಡ್ಡು, ಕಾಯುವ ದುಡ್ಡು

ಬೀದರ್ ಹಳೆ ಪೇಟೆಯ ಚೌಬಾರಾದಿಂದ ಕೋಟೆ ಕಡೆ ನಡೆದರೆ ದಾರಿಯಲ್ಲೇ ಮಹಮೂದ್ ಗಾವಾನನ ಮದರಸಾ ಸಿಗುತ್ತದೆ. ಅದರ ಎದುರು ನಿಂತು ನೋಡಿ. ಒಂದು ಮಿನಾರು ಇದೆ, ಅದರ ಜೋಡಿ ಇಲ್ಲ. ಉಳಿದ ಗೋಡೆಯ ಮೇಲೆ ಬಣ್ಣದ ಟೈಲ್ಸ್ ಅಲ್ಲಲ್ಲಿ ಹೊಳೆಯುತ್ತವೆ, ಉಳಿದ ಕಡೆ ಬರೀ ಕಲ್ಲು. ಇದನ್ನು ಕಟ್ಟಿಸಿದ್ದು ಯಾರು ಎಂದು ಕೇಳಿದರೆ ನಮ್ಮ ಕಡೆಯ ಶಾಲೆ ಮಕ್ಕಳೂ ಹೇಳುತ್ತಾರೆ. ಕಟ್ಟಿದ ಮೇಲೆ ಕಾಯ್ದದ್ದು ಯಾರು, ಅದಕ್ಕೆ ದುಡ್ಡು ಕೊಟ್ಟದ್ದು ಯಾರು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಈ ಬರಹದಲ್ಲಿ ನಾವು ಅದನ್ನೇ ಕೇಳುತ್ತಿದ್ದೇವೆ.

ಗಾವಾನ್ ಇರಾನಿನ ಗಿಲಾನ್ ಪ್ರಾಂತ್ಯದವನು. ವ್ಯಾಪಾರಿಯಾಗಿ ಬೀದರಿಗೆ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ. 1472ರಲ್ಲಿ ಮದರಸಾ ಎದ್ದು ನಿಂತಿತು. ಮೂರು ಅಂತಸ್ತು, ಪಾಠದ ಕೋಣೆಗಳು, ಗುರುಗಳಿಗೂ ವಿದ್ಯಾರ್ಥಿಗಳಿಗೂ ಉಳಿಯಲು ಜಾಗ, ಮಸೀದಿ, ಸಾವಿರಾರು ಹಸ್ತಪ್ರತಿಗಳ ಪುಸ್ತಕ ಭಂಡಾರ. ಪ್ರಧಾನಿಯಾದ ಮೇಲೂ ಅವನು ವ್ಯಾಪಾರದ ಲಾಭದಲ್ಲೇ ಸರಳವಾಗಿ ಬದುಕಿ, ಉಳಿದದ್ದನ್ನು ದಾನ ಮಾಡುತ್ತಿದ್ದ ಎಂದು ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ವಿದ್ಯೆಗೂ ಕಲೆಗೂ ಕೈಯೆತ್ತಿ ಕೊಟ್ಟ ದಾನಿ ಎಂದರೆ ನಮ್ಮ ಜಿಲ್ಲೆಯಲ್ಲಿ ಮೊದಲು ನೆನಪಾಗುವುದು ಇವನೇ.

1481ರಲ್ಲಿ ಕಳ್ಳ ಪತ್ರವೊಂದನ್ನು ನಂಬಿದ ಸುಲ್ತಾನ ಅವನ ತಲೆ ತೆಗೆಸಿದ. ಮದರಸಾ ಉಳಿಯಿತು, ಅದನ್ನು ತನ್ನದೆಂದು ನೋಡಿಕೊಳ್ಳುವ ಮನುಷ್ಯ ಉಳಿಯಲಿಲ್ಲ. ಮೊಗಲರ ಕಾಲಕ್ಕೆ ಅಲ್ಲಿ ಸೈನಿಕರು ಸೇರಿಕೊಂಡರು, ಮದ್ದಿನ ದಾಸ್ತಾನೂ ಬಂತು. 17ನೇ ಶತಮಾನದ ಕೊನೆಯಲ್ಲಿ ಆ ಮದ್ದು ಸಿಡಿದು ಒಂದು ಮಿನಾರೂ ಕಟ್ಟಡದ ದೊಡ್ಡ ಭಾಗವೂ ಬಿದ್ದುಹೋದವು. ಇಂದು ನಾವು ನೋಡುತ್ತಿರುವುದು ಆ ಸ್ಫೋಟ ಬಿಟ್ಟುಕೊಟ್ಟಷ್ಟನ್ನು.

ಮುಂದೆ ಕಾಯುವ ಕೆಲಸಕ್ಕೆಂದೇ ಒಂದು ಇಲಾಖೆ ಹುಟ್ಟಿತು. ಬೀದರ್, ಭಾಲ್ಕಿ, ಔರಾದ್ ಎಲ್ಲವೂ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1914ರಲ್ಲಿ ಸಂಸ್ಥಾನ ಪುರಾತತ್ವ ಇಲಾಖೆ ತೆರೆದು ಗುಲಾಂ ಯಜ್ದಾನಿಯವರನ್ನು ಮುಖ್ಯಸ್ಥರನ್ನಾಗಿ ಮಾಡಿತು. ಬೀದರಿನ ಒಂದೊಂದು ಕಟ್ಟಡವನ್ನೂ ಅಳೆದು, ನಕ್ಷೆ ತೆಗೆದು, ಶಾಸನ ಓದಿ ಅವರು ಬರೆದ ದೊಡ್ಡ ಪುಸ್ತಕ 1947ರಲ್ಲಿ ಅಚ್ಚಾಯಿತು. ಬೀದರಿನ ಹಳೆಯ ಕಟ್ಟಡಗಳ ಬಗ್ಗೆ ಕೆಲಸ ಮಾಡುವವರು ಇವತ್ತಿಗೂ ಮೊದಲು ತೆರೆಯುವುದು ಅದನ್ನೇ.

ಇದೇ ಯಜ್ದಾನಿಯವರ ಕಾಲದ ಇನ್ನೊಂದು ಕಥೆಯನ್ನು, ಹಳೆಯದನ್ನು ಉಳಿಸಲು ದುಡ್ಡು ಕೊಡುವ ಪ್ರತಿಯೊಬ್ಬರೂ ಕೇಳಬೇಕು. ಅಜಂತಾ ಗುಹೆಗಳೂ ಆಗ ನಿಜಾಮರ ಸೀಮೆಯಲ್ಲಿದ್ದವು. ಅಲ್ಲಿನ ಚಿತ್ರಗಳು ಉದುರುತ್ತಿದ್ದವು. 1920ರ ಸುಮಾರಿಗೆ ಸಂಸ್ಥಾನ ಖರ್ಚಿಗೆ ಹಿಂದೆಮುಂದೆ ನೋಡದೆ ಇಟಲಿಯಿಂದ ಲೊರೆಂಜೊ ಚೆಕ್ಕೋನಿ ಮತ್ತು ಓರ್ಸಿನಿ ಎಂಬ ಇಬ್ಬರು ನುರಿತವರನ್ನು ಕರೆಸಿತು. ಅವರು ಸಡಿಲವಾದ ಗಾರೆಯನ್ನು ಗೋಡೆಗೆ ಹಿಡಿಸಿದರು. ಅದರಿಂದ ಎಷ್ಟೋ ಚಿತ್ರಗಳು ಉಳಿದವು. ಜೊತೆಗೆ ಚಿತ್ರಗಳ ಮೇಲೆ ಅರಗಿನ ವಾರ್ನಿಷ್ ಕೂಡ ಬಳಿದರು. ಕಾಲ ಕಳೆದಂತೆ ಅದು ಹಳದಿಯಾಯಿತು, ಧೂಳು ಹಿಡಿಯಿತು, ಕೆಳಗಿನ ಬಣ್ಣ ಮಂಕಾಯಿತು. ಸ್ವಾತಂತ್ರ್ಯ ಬಂದ ಮೇಲೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಸಾಯನ ತಜ್ಞರು ವರ್ಷಗಟ್ಟಲೆ ಕೂತು ಆ ವಾರ್ನಿಷ್ ತೆಗೆಯಬೇಕಾಯಿತು. ದೊಡ್ಡ ದುಡ್ಡು, ಒಳ್ಳೆಯ ಮನಸ್ಸು, ನುರಿತ ಕೈ ಮೂರೂ ಇದ್ದಾಗಲೇ ಹೀಗಾಯಿತು. ಆದ್ದರಿಂದಲೇ ಇಂದಿನ ಸಂರಕ್ಷಕರು ಒಂದು ನಿಯಮ ಪಾಲಿಸುತ್ತಾರೆ: ಇಂದು ಹಚ್ಚಿದ್ದನ್ನು ನಾಳೆ ಮೂಲಕ್ಕೆ ಪೆಟ್ಟಾಗದಂತೆ ತೆಗೆಯಲು ಬರಬೇಕು.

ಈಗ ನಮ್ಮ ಊರುಗಳಿಗೆ ಬರೋಣ. ದಾನಿಗಳಿಗೆ ನಮ್ಮಲ್ಲಿ ಬರವಿಲ್ಲ. ಔರಾದಿನ ಅಮರೇಶ್ವರ ಜಾತ್ರೆ ಇರಲಿ, ಭಾಲ್ಕಿ ಮಠದ ದಾಸೋಹ ಇರಲಿ, ಜನ ಚೀಲಗಟ್ಟಲೆ ತೊಗರಿ, ಜೋಳ ತಂದು ಕೊಡುತ್ತಾರೆ. ಗುಡಿ ಎಂದರೂ ಹಾಗೆಯೇ. ತೊಂದರೆ ಇರುವುದು ಆ ದುಡ್ಡು ಹೋಗುವ ದಾರಿಯಲ್ಲಿ. ಜಾತ್ರೆ ಬಂತೆಂದರೆ ಹಳೆಯ ವೀರಗಲ್ಲಿಗೆ ಆಯಿಲ್ ಪೇಂಟ್ ಬೀಳುತ್ತದೆ. ಶಾಸನದ ಅಕ್ಷರಗಳು ಬಣ್ಣದಡಿ ಮುಚ್ಚಿಹೋಗುತ್ತವೆ. ಗಾರೆಯ ಗೋಡೆಗೆ ಸಿಮೆಂಟ್ ಬಳಿಯುತ್ತಾರೆ. ಗಾರೆ ಉಸಿರಾಡುತ್ತದೆ, ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಆ ತೇವವನ್ನು ಒಳಗೇ ಹಿಡಿದಿಡುತ್ತದೆ. ಆಗ ಉಪ್ಪು ಕಟ್ಟಿ ಕಲ್ಲಿನ ಮೈ ಪುಡಿಪುಡಿಯಾಗಿ ಉದುರುತ್ತದೆ. ಕೊಟ್ಟವರು ಭಕ್ತಿಯಿಂದಲೇ ಕೊಟ್ಟಿರುತ್ತಾರೆ, ಆದರೆ ಎಂಟು ನೂರು ವರ್ಷ ನಿಂತ ಕಲ್ಲು ಒಂದು ತಲೆಮಾರಿನಲ್ಲಿ ಸವೆಯುತ್ತದೆ.

ಮನೆಯೊಳಗಿನ ವಸ್ತುವಿನ ಕಥೆಯೂ ಇದೇ. ಬೀದರಿನ ಬಿದ್ರಿ ಕೆಲಸ ಸತು ಮತ್ತು ತಾಮ್ರದ ಎರಕದ ಮೇಲೆ ಬೆಳ್ಳಿ ಕೂರಿಸಿ ಮಾಡುವಂಥದ್ದು. ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಸೇರಿಸಿ ಕುದಿಸಿದ ನೀರೇ ಅದಕ್ಕೆ ಆ ಕಪ್ಪು ಕೊಡುವುದು. ಅಜ್ಜನ ಕಾಲದ ಪಾನ್‌ದಾನಿಯನ್ನು ಹಿತ್ತಾಳೆ ಚೊಂಬಿನಂತೆ ಹುಣಸೆಹಣ್ಣು ಹಾಕಿ ತಿಕ್ಕಿದರೆ ಆ ಕಪ್ಪು ಕೆಡುತ್ತದೆ. ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಚೂರು ಕೊಬ್ಬರಿ ಎಣ್ಣೆ ಸವರಿದರೆ ಸಾಕು. ಹೈದರಾಬಾದಿನಲ್ಲಿ 1949ರಲ್ಲಿ ತೀರಿಕೊಂಡ ಮೂರನೇ ಸಾಲಾರ್ ಜಂಗ್ ತನ್ನ ಸ್ವಂತ ದುಡ್ಡಿನಲ್ಲಿ ಕೂಡಿಟ್ಟ ವಸ್ತುಗಳಿಂದ 1951ರಲ್ಲಿ ಮ್ಯೂಸಿಯಂ ಶುರುವಾಯಿತು. ನಮ್ಮ ಬಿದ್ರಿ ಪಾತ್ರೆಗಳನ್ನು ಇಂದಿಗೂ ಅಲ್ಲಿ ನೋಡಬಹುದು. ಕೂಡಿಟ್ಟವನು ಒಬ್ಬ, ಆದರೆ ಅವು ಉಳಿದದ್ದು ಅವನ ನಂತರ ದಿನವೂ ನೋಡಿಕೊಳ್ಳುವ ಸಂಸ್ಥೆಯೊಂದು ಇದ್ದುದರಿಂದ.

ಹಾಗಾದರೆ ಇಂದು ಕೊಡಬೇಕು ಎನ್ನುವವರು ಹೇಗೆ ಕೊಡಬೇಕು? ಮದರಸಾ, ಬೀದರ್ ಕೋಟೆ, ಅಷ್ಟೂರಿನ ಗುಮ್ಮಟಗಳು ಕೇಂದ್ರದ ಪುರಾತತ್ವ ಇಲಾಖೆಯ ವಶದಲ್ಲಿವೆ. 1958ರ ಕಾಯ್ದೆ ಪ್ರಕಾರ ಅಲ್ಲಿ ನಾವಾಗಿ ಒಂದು ಕಲ್ಲನ್ನೂ ಸರಿಪಡಿಸುವಂತಿಲ್ಲ. ಆದರೆ ದುಡ್ಡು ಕೊಡಬಹುದು. ಅದಕ್ಕಾಗಿ 1996ರಲ್ಲಿ ರಾಷ್ಟ್ರೀಯ ಸಂಸ್ಕೃತಿ ನಿಧಿ ಹುಟ್ಟಿತು. ಇಂಥ ಸ್ಮಾರಕದ ಕೆಲಸಕ್ಕೇ ಬಳಸಿ ಎಂದು ಹೇಳಿ ಕೊಡಲು ಅದರಲ್ಲಿ ದಾರಿ ಇದೆ. ರಾಜ್ಯದ ಸಂರಕ್ಷಿತ ಸ್ಮಾರಕಗಳನ್ನು ದತ್ತು ಪಡೆಯಲು ರಾಜ್ಯ ಸರ್ಕಾರ 2023ರಲ್ಲಿ 'ನಮ್ಮ ಸ್ಮಾರಕ' ಯೋಜನೆ ತಂದಿತು. ಯಾವ ಪಟ್ಟಿಯಲ್ಲೂ ಇಲ್ಲದ ಹಳ್ಳಿ ಗುಡಿಗಳಿಗೆ ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟಿನ ಮಾದರಿ ಇದೆ. 1991ರಲ್ಲಿ ಶುರುವಾದ ಈ ಟ್ರಸ್ಟ್ ಸರ್ಕಾರದ ಪಾಲು, ತನ್ನ ಪಾಲು, ಊರವರ ಪಾಲು ಕೂಡಿಸಿ ರಾಜ್ಯದಲ್ಲಿ 200ಕ್ಕೂ ಹೆಚ್ಚು ಹಳೆಯ ದೇವಾಲಯಗಳನ್ನು ದುರಸ್ತಿ ಮಾಡಿದೆ. ಊರವರೂ ಪಾಲು ಹಾಕಿದರೆ ಕೆಲಸ ಮುಗಿದ ಮೇಲೆ ಗುಡಿ ಅನಾಥವಾಗುವುದಿಲ್ಲ.

ಕಾಯುವುದು ಎಂದರೆ ಏನೆಂದು ತಿಳಿಯಲು ದೂರ ಹೋಗಬೇಕಿಲ್ಲ. 1436ರಲ್ಲಿ ತೀರಿಕೊಂಡ ಸುಲ್ತಾನ ಅಹ್ಮದ್ ಶಾ ವಲಿಯ ಗುಮ್ಮಟ ಅಷ್ಟೂರಿನಲ್ಲಿದೆ. ಅದರೊಳಗೆ ಗೋಡೆಯಿಂದ ಛಾವಣಿವರೆಗೆ ಬಣ್ಣದ ಚಿತ್ತಾರ, ಬಂಗಾರದ ಅಕ್ಷರ. ಮುಸ್ಲಿಮರಿಗೆ ಅವನು ವಲಿ, ನಮ್ಮ ಕಡೆಯ ಲಿಂಗಾಯತರಿಗೆ ಅಲ್ಲಮಪ್ರಭುವಿನ ರೂಪ. ಉರುಸಿಗೆ ಆಳಂದ ತಾಲ್ಲೂಕಿನ ಮಾಡ್ಯಾಳದಿಂದ ಜಂಗಮರು ಬರುತ್ತಾರೆ. ಗಾವಾನನ ಮದರಸಾಕ್ಕಿಂತ ಹಳೆಯದಾದ ಈ ಬಣ್ಣ ಇನ್ನೂ ಕಣ್ಣಿಗೆ ಕಾಣುತ್ತದೆ. ಇದು ನಮ್ಮದು ಎಂದು ಎರಡೂ ಕಡೆಯ ಜನ ವರ್ಷ ವರ್ಷ ಬಂದು ಹೋದದ್ದಕ್ಕೂ ಅದು ಉಳಿದದ್ದಕ್ಕೂ ಸಂಬಂಧ ಇದೆ ಎಂದೇ ನಾವು ನಂಬುತ್ತೇವೆ. ಆದರೆ ಭಕ್ತಿಯಿಂದ ಹಚ್ಚಿದ ದೀಪದ ಹೊಗೆ, ಎಣ್ಣೆ ಕೈ ಕೂಡ ಅಂಥ ಬಣ್ಣಕ್ಕೆ ಪೆಟ್ಟು ಎಂಬುದನ್ನು ಅಲ್ಲಿ ಹೋಗುವವರು ನೆನಪಿಡಬೇಕು.

ನಿಮ್ಮ ಊರ ಗುಡಿ ಕಮಿಟಿ ಈ ವರ್ಷ ಜಾತ್ರೆಗೆ ಪಟ್ಟಿ ಎತ್ತುವಾಗ ಎರಡು ಮಾತು ಕೇಳಿ. ವೀರಗಲ್ಲಿಗೆ ಬಣ್ಣ ಹಚ್ಚುವ ಬದಲು ನೆರಳಿಗೊಂದು ತಗಡಿನ ಚಪ್ಪರ ಹಾಕಬಹುದೇ? ಸುತ್ತ ನಿಲ್ಲುವ ಮಳೆ ನೀರಿಗೆ ಒಂದು ಕಾಲುವೆ ತೋಡಬಹುದೇ? ಇದಕ್ಕೆ ಹೆಚ್ಚು ದುಡ್ಡು ಬೇಡ, ಹೆಸರಿನ ಫಲಕವೂ ಬೇಡ. ಮೊದಲು ಮೊಬೈಲಿನಲ್ಲಿ ಕಲ್ಲಿನ ನಾಲ್ಕೂ ಮಗ್ಗುಲಿನ ಫೋಟೊ ತೆಗೆದಿಡಿ. ಮುಂದೆ ಅಕ್ಷರ ಸವೆದರೂ ಓದುವವರಿಗೆ ಆ ಫೋಟೊ ಉಳಿದಿರುತ್ತದೆ.