ಕಥೆಯ ಕೊನೆಯಲ್ಲಿ ಬದಲಾದವರು ಯಾರು?

ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಮಕ್ಕಳನ್ನು ಓದಿಸುತ್ತಿರುವ ಆತ್ಮೀಯ ಪೋಷಕರೇ,

ಕಾಸರಗೋಡಿನಿಂದ ಜತ್ತದವರೆಗೆ, ತಾಳವಾಡಿಯಿಂದ ಮಡಕಶಿರದವರೆಗೆ ನಾವು ಪಠ್ಯಪುಸ್ತಕ, ಶಿಕ್ಷಕರ ನೇಮಕ, ಪರೀಕ್ಷೆಯ ಭಾಷೆ ಇವುಗಳ ಕುರಿತು ಸಾಕಷ್ಟು ಚರ್ಚಿಸಿದ್ದೇವೆ. ನಮ್ಮ ತರಗತಿಗಳಲ್ಲೇ ಕುಳಿತಿರುವ ಇನ್ನೊಂದು ಅಲ್ಪಸಂಖ್ಯಾತ ವರ್ಗದ ಬಗೆಗೆ ಮಾತು ಕಡಿಮೆ. ಕಾಲು ಸ್ವಾಧೀನವಿಲ್ಲದ, ಕಿವಿ ಕೇಳಿಸದ, ದೃಷ್ಟಿ ಮಂದವಾದ, ಮುಖಚಹರೆ ಬೇರೆಯಾದ ಮಕ್ಕಳು ಅವರು. ಮಕ್ಕಳ ಕಥೆಗಳು ಅವರನ್ನು ಹೇಗೆ ಕಂಡಿವೆ ಎಂಬ ಚರಿತ್ರೆಯಲ್ಲಿ ನಮಗೂ ಒಂದು ಪಾಠವಿದೆ.

ಹತ್ತೊಂಬತ್ತನೆಯ ಶತಮಾನದ ಯುರೋಪಿನ ಕಥೆಗಳಲ್ಲಿ ಇಂಥ ಪಾತ್ರಗಳಿಗೆ ಕೆಲವೇ ದಾರಿಗಳಿದ್ದವು. ಡಿಕನ್ಸನ ‘ಎ ಕ್ರಿಸ್ಮಸ್ ಕ್ಯಾರೊಲ್’ (1843) ಕೃತಿಯ ಊರುಗೋಲಿನ ಬಾಲಕ ಟಿಮ್ ಇರುವುದು ಒಬ್ಬ ಜಿಪುಣನ ಮನಸ್ಸನ್ನು ಕರಗಿಸಲು. ಸ್ಟೀವನ್‌ಸನ್ನನ ‘ಟ್ರೆಷರ್ ಐಲೆಂಡ್’ (1883) ಕಾದಂಬರಿಯ ಒಂಟಿಕಾಲಿನ ಸಿಲ್ವರ್ ಕಡಲ್ಗಳ್ಳರ ನಾಯಕ. ಸ್ವಿಸ್ ಲೇಖಕಿ ಯೊಹಾನಾ ಸ್ಪೀರಿಯ ‘ಹೈಡಿ’ ಕಥೆಯ ಎರಡನೆಯ ಭಾಗದಲ್ಲಿ (1881) ಗಾಲಿಕುರ್ಚಿಯ ಕ್ಲಾರಾ ಆಲ್ಪ್ಸ್ ಬೆಟ್ಟದ ಗಾಳಿ, ಮೇಕೆಯ ಹಾಲು ಮತ್ತು ಗೆಳತಿಯ ಒಲವಿನಿಂದ ಎದ್ದು ನಡೆಯುತ್ತಾಳೆ. ‘ದ ಸೀಕ್ರೆಟ್ ಗಾರ್ಡನ್’ (1911) ಕಾದಂಬರಿಯ ಕಾಲಿನ್ ಕೂಡ ತೋಟದಲ್ಲಿ ನಡೆಯಲು ಕಲಿತು, ಕೊನೆಗೆ ಓಡುತ್ತಾನೆ.

ಇವು ಸೊಗಸಾದ ಕೃತಿಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಡೆಯಲಾರದ ಮಗುವಿನ ಕೈಯಲ್ಲಿ ಆ ಪುಸ್ತಕವನ್ನಿಟ್ಟು ಯೋಚಿಸಿ. ಒಳ್ಳೆಯ ಮನಸ್ಸಿದ್ದರೆ ಕಾಲು ಬರುತ್ತದೆ ಎಂದು ಕಥೆ ಹೇಳುತ್ತಿದೆ. ತನ್ನ ಕಾಲು ಬಾರದಿದ್ದುದಕ್ಕೆ ತನ್ನ ಮನಸ್ಸೇ ಕಾರಣವೇನೋ ಎಂದು ಆ ಮಗು ಅಳುಕದಿದ್ದೀತೆ?

ಈ ಕೊರತೆಯನ್ನು ಮನಗಂಡವರಲ್ಲಿ ಕೆನಡಾದ ಜೀನ್ ಲಿಟಲ್ ಒಬ್ಬರು. ಹುಟ್ಟಿನಿಂದಲೇ ಅವರ ದೃಷ್ಟಿ ತೀರ ಮಂದವಾಗಿತ್ತು. ಅಂಗವೈಕಲ್ಯವುಳ್ಳ ಮಕ್ಕಳಿಗೆ ಪಾಠ ಹೇಳುತ್ತಿದ್ದಾಗ, ತಮ್ಮ ವಿದ್ಯಾರ್ಥಿಗಳಂಥವರು ಕಥೆಗಳಲ್ಲಿ ಒಂದೋ ಸಾಯುತ್ತಾರೆ, ಇಲ್ಲವೇ ಗುಣವಾಗುತ್ತಾರೆ ಎಂಬುದನ್ನು ಅವರು ಕಂಡರು. 1962ರಲ್ಲಿ ಪ್ರಕಟವಾದ ಅವರ ‘ಮೈನ್ ಫಾರ್ ಕೀಪ್ಸ್’ ಕಾದಂಬರಿಯ ಬಾಲಕಿ ಸ್ಯಾಲಿಗೆ ಮಿದುಳಿನ ಪಾರ್ಶ್ವವಾಯು. ವಿಶೇಷ ವಸತಿಶಾಲೆಯಿಂದ ಮನೆಗೆ ಮರಳಿ ಅವಳು ಸಾಮಾನ್ಯ ಶಾಲೆಗೆ ಸೇರುತ್ತಾಳೆ. ಪವಾಡವೇನೂ ನಡೆಯುವುದಿಲ್ಲ. ಮನೆ, ಶಾಲೆ, ಒಂದು ನಾಯಿಮರಿ, ಗೆಳೆಯರು, ಇವುಗಳ ನಡುವೆ ಅವಳ ಬಾಳು ಸಾಗುತ್ತದೆ.

1981ರಲ್ಲಿ ಜಪಾನಿನ ತೆತ್ಸುಕೊ ಕುರೊಯಾನಾಗಿ ತಮ್ಮ ಬಾಲ್ಯದ ಶಾಲೆಯನ್ನು ನೆನೆದು ಬರೆದ ‘ತೊತ್ತೋಚಾನ್’ ಕನ್ನಡದಲ್ಲೂ ಲಭ್ಯವಿದೆ. ಇದು ಕಾದಂಬರಿಯಲ್ಲ, ನೆನಪುಗಳ ಕಥನ. ಆದರೂ ಇಲ್ಲಿ ಸಲ್ಲುತ್ತದೆ. ಅದರಲ್ಲಿ ಕೈಕಾಲು ಬೆಳೆಯದೆ ಕುಳ್ಳಗೇ ಉಳಿದ ತಕಾಹಾಶಿ ಎಂಬ ಬಾಲಕ ಆಟೋಟದ ದಿನದಂದು ಎಲ್ಲ ಸ್ಪರ್ಧೆಗಳಲ್ಲೂ ಮೊದಲಿಗನಾಗುತ್ತಾನೆ. ಮುಖ್ಯೋಪಾಧ್ಯಾಯರಾದ ಕೊಬಾಯಾಶಿಯವರು ಆ ಪುಟ್ಟ ದೇಹಕ್ಕೆ ಅನುಕೂಲವಾಗುವಂತೆ ಆಟಗಳನ್ನೇ ರೂಪಿಸಿದ್ದರು. ಹುಡುಗನ ದೇಹ ಇದ್ದಂತೆಯೇ ಇತ್ತು, ಶಾಲೆ ಬದಲಾಗಿತ್ತು.

ಈಚಿನ ಎರಡು ಕೃತಿಗಳನ್ನೂ ಹೋಲಿಸಬಹುದು. ‘ವಂಡರ್’ (2012) ಕಾದಂಬರಿಯ ಆಗ್ಗಿಯ ಮುಖ ಇತರರಂತಿಲ್ಲ. ಸಹಪಾಠಿಗಳು ಬದಲಾಗುತ್ತಾರೆ ನಿಜ. ಆದರೂ ಕೊನೆಯಲ್ಲಿ ಅವನಿಗೆ ಪದಕ, ಕರತಾಡನ. ಸುಮ್ಮನೆ ಎಲ್ಲರಂತೆ ಶಾಲೆಗೆ ಬಂದು ಹೋಗಲು ಮಗುವೊಂದು ವೀರನಾಗಬೇಕೆ? ನಾಲ್ಕನೆಯ ವಯಸ್ಸಿನಲ್ಲಿ ಶ್ರವಣಶಕ್ತಿ ಕಳೆದುಕೊಂಡ ಸೀಸಿ ಬೆಲ್ ತಮ್ಮ ಬಾಲ್ಯವನ್ನೇ ‘ಎಲ್ ಡೆಫೊ’ (2014) ಎಂಬ ಚಿತ್ರಕಥೆಯಾಗಿಸಿದರು. ಎದೆಗೆ ಕಟ್ಟಿದ ಶ್ರವಣಯಂತ್ರದಿಂದ, ತರಗತಿಯ ಹೊರಗೆ ಹೋದ ಶಿಕ್ಷಕಿಯ ಮಾತೂ ಆ ಬಾಲಕಿಗೆ ಕೇಳಿಸುತ್ತದೆ! ಅಲ್ಲಿ ನಗುವಿದೆ, ಸಿಟ್ಟಿದೆ, ಗೆಳೆತನದ ಹಂಬಲವಿದೆ, ಕನಿಕರದ ಬೇಡಿಕೆಯಿಲ್ಲ.

ಇನ್ನು ನಮ್ಮ ವಿಷಯ. ‘ಈ ಮಗುವಿಗೆ ಒಂದು ಭಾಷೆಯೇ ಕಷ್ಟ, ಕನ್ನಡ ಬಿಡಿಸಿ ರಾಜ್ಯಭಾಷೆಯನ್ನಷ್ಟೇ ಕಲಿಸಿ’ ಎಂಬ ಸಲಹೆ ಕೇಳಿ ಕಂಗೆಟ್ಟ ತಂದೆತಾಯಿಯರನ್ನು ನಾನು ಕಂಡಿದ್ದೇನೆ. ಅದನ್ನು ಒಪ್ಪಿಕೊಂಡರೆ ಅಜ್ಜಿಯ ಕಥೆ, ಅಕ್ಕತಂಗಿಯರ ಜಗಳ, ಊಟದ ಹೊತ್ತಿನ ಹರಟೆ, ಎಲ್ಲದರಿಂದಲೂ ಆ ಮಗು ಹೊರಗಾಗುತ್ತದೆ. ಇಲ್ಲಿಯೂ ಮಗುವನ್ನೇ ತಿದ್ದಿ ಶಾಲೆಯನ್ನು ಇದ್ದಂತೆ ಬಿಡುವ ಹಳೆಯ ಕಥೆಯೇ ನಡೆಯುತ್ತಿದೆ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಯ ಸೌಲಭ್ಯ ಒದಗಿಸಲು ಯತ್ನಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯು ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವೆಂದು ಪ್ರಮಾಣೀಕೃತರಾದ 6ರಿಂದ 18 ವರ್ಷದ ಮಕ್ಕಳಿಗೆ, ಸಮೀಪದ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ, ತಮ್ಮ ಆಯ್ಕೆಯಂತೆ ಉಚಿತ ಶಿಕ್ಷಣದ ಹಕ್ಕು ನೀಡಿದೆ. ನಮ್ಮ ಮಗುವಿಗೆ ಈ ಎರಡೂ ಸಲ್ಲುತ್ತವೆ. ಶಾಲೆಗೆ ಅರ್ಜಿ ಬರೆಯುವಾಗ ಎರಡನ್ನೂ ಒಟ್ಟಿಗೆ ನಮೂದಿಸಿ.

ಮನೆಯಲ್ಲಿ ಮಕ್ಕಳಿಗೆ ಕನ್ನಡದಲ್ಲಿ ಕಥೆ ಓದಿ ಹೇಳುವಾಗ ಒಂದು ಪ್ರಶ್ನೆಯನ್ನೂ ಕೇಳಿ: ಕೊನೆಯಲ್ಲಿ ಬದಲಾದವರು ಯಾರು, ಆ ಮಗುವೋ, ಸುತ್ತಲಿನವರೋ? ಮಕ್ಕಳ ಉತ್ತರವನ್ನು ಆಲಿಸಿ. ಮುಂದಿನ ಪೋಷಕರ ಸಭೆಯಲ್ಲಿ ಅದೇ ಪ್ರಶ್ನೆಯನ್ನು ಶಾಲೆಯ ಮುಂದೆಯೂ ಇಡಿ.