ಗೇರು ಕೆಟ್ಟಾಗ ಡೀಲರನೇ ಗತಿ

ಯಂತ್ರಗಳನ್ನು ಕಂಡುಹಿಡಿದವರ ಹೆಸರುಗಳನ್ನು ತರಗತಿಯಲ್ಲಿ ನಿಮಗೆ ಬಾಯಿಪಾಠ ಮಾಡಿಸಿದೆ. ದುರಸ್ತಿ ಮಾಡಿದವರ ಮಾತನ್ನು ಎತ್ತಲೇ ಇಲ್ಲ. ಆ ಕೊರತೆಯನ್ನು ಇಂದು ತುಂಬಿಕೊಡುವೆ.

1959ರಲ್ಲಿ ಅಮೆರಿಕದ ಫೋರ್ಡ್ ಕಂಪನಿಯು ತನ್ನ ಟ್ರ್ಯಾಕ್ಟರುಗಳಿಗೆ 'ಸೆಲೆಕ್ಟ್-ಓ-ಸ್ಪೀಡ್' ಎಂಬ ಗೇರುಪೆಟ್ಟಿಗೆಯನ್ನು ಅಳವಡಿಸಿತು. ಮುಂದಕ್ಕೆ 10, ಹಿಂದಕ್ಕೆ 2 ಗೇರುಗಳು. ಉಳುಮೆಯ ನಡುವೆ ಕ್ಲಚ್ ತುಳಿಯದೆ, ಗಾಡಿ ನಿಲ್ಲಿಸದೆ, ಸಣ್ಣ ಹಿಡಿಯೊಂದನ್ನು ಸರಿಸಿ ಗೇರು ಬದಲಿಸಬಹುದಿತ್ತು. ಎಣ್ಣೆಯ ಒತ್ತಡವೇ ಒಳಗಿನ ಪಟ್ಟಿಗಳನ್ನೂ ಕ್ಲಚ್‌ಗಳನ್ನೂ ಬಿಗಿಹಿಡಿದು ಸಡಿಲಿಸುತ್ತಿತ್ತು. ಆದರೆ ಆರಂಭದ ಪೆಟ್ಟಿಗೆಗಳಲ್ಲಿ ದೋಷಗಳಿದ್ದವು. ಗೇರು ಬದಲಾಗುವಾಗ ಟ್ರ್ಯಾಕ್ಟರು ಜಗ್ಗುತ್ತಿದ್ದುದರಿಂದ ಅದಕ್ಕೆ 'ಜರ್ಕ್-ಓ-ಮ್ಯಾಟಿಕ್' ಎಂಬ ಅಡ್ಡಹೆಸರೂ ಅಂಟಿತು.

ಹಳೆಯ ಸರಳ ಗೇರುಪೆಟ್ಟಿಗೆಯನ್ನು ಕೈಚಳಕವುಳ್ಳ ರೈತನೇ ಬಿಚ್ಚಿ ಜೋಡಿಸಬಹುದಿತ್ತು. ಇದಕ್ಕಾದರೋ ಒತ್ತಡ ಅಳೆಯುವ ಮಾಪಕ ಬೇಕು, ಪಟ್ಟಿಗಳ ಬಿಗಿಯನ್ನು ಹೊಂದಿಸುವ ತಿಳಿವಳಿಕೆ ಬೇಕು. ಹಾಗಾಗಿ ಡೀಲರನ ಬಾಗಿಲಿಗೇ ಹೋಗಬೇಕು. ಅಲ್ಲಿನ ಮೆಕ್ಯಾನಿಕ್ಕನಿಗೂ ಅದು ಹೊಸತಾಗಿದ್ದರೆ ಬಿತ್ತನೆಯ ಹದ ಕೈತಪ್ಪಿತೆಂದೇ ಅರ್ಥ.

ಮುಂದೆ ಕಂಪನಿಯು ದೋಷಗಳನ್ನು ತಿದ್ದಿತು. 1965ರ ನಂತರದ ಮಾದರಿಗಳಲ್ಲಿಯೂ ಈ ಗೇರುಪೆಟ್ಟಿಗೆ ದೊರೆಯುತ್ತಿತ್ತು. ಆದರೂ ಕೆಟ್ಟ ಹೆಸರು ಪೂರ್ತಿ ಅಳಿಯಲಿಲ್ಲ. ಹೊಸ ಯಂತ್ರವನ್ನು ಮಾರುವ ಮುನ್ನ, ಅದನ್ನು ರಿಪೇರಿ ಮಾಡುವವನಿಗೆ ಪಾಠ ಹೇಳಿ ಮುಗಿಸಿರಬೇಕು.